ಪ್ರೇಕ್ಷಕರಿದ್ದಾರೆ, ಪರದೆ ಕೊಡಿ

ಕಲಾತ್ಮಕ ಚಿತ್ರಗಳನ್ನು ನೋಡುವವರೇ ಇಲ್ಲ ಎಂದು ಗಾಂಧಿನಗರದ ಚಿತ್ರೋದ್ಯಮ ದಶಕಗಳಿಂದ ಹೇಳುತ್ತಲೇ ಬಂದಿದೆ. ಈ ಮಾತಿಗೆ ಹೆಗ್ಗೋಡು ಎಂದೋ ಉತ್ತರ ಕೊಟ್ಟಿತ್ತು. 1970ರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಕಟ್ಟಿ, ‘ರಾಶೋಮಾನ್’, ‘ಪಥೇರ್ ಪಾಂಚಾಲಿ’ಯಂಥ ಚಿತ್ರಗಳನ್ನು ಸಾಗರ ತಾಲ್ಲೂಕಿನ ಆ ಹಳ್ಳಿಗೆ ತರಿಸಿದರು. ಜಪಾನಿಯಾಗಲಿ ಬಂಗಾಳಿಯಾಗಲಿ ತಿಳಿಯದ ಜನ ಕೂತು ನೋಡಿದರು, ಅವುಗಳ ಬಗ್ಗೆ ಮಾತಾಡಿದರು.

ಅದು ಹಳೆಯ ಕಥೆ ಎನ್ನುವವರು ‘ತಿಥಿ’ಯನ್ನು ನೆನೆಯಲಿ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ಕ್ಯಾಮೆರಾ ಎದುರಿಸದ ಹಳ್ಳಿಗರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ಚಿತ್ರವದು. ತಾರೆಯಿಲ್ಲ, ಹಾಡಿಲ್ಲ, ಹೊಡೆದಾಟವಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದ ಪ್ರೆಸೆಂಟ್’ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದ ಆ ಚಿತ್ರ ಮರುವರ್ಷ ಚಿತ್ರಮಂದಿರಕ್ಕೆ ಬಂದಾಗ ಜನ ದುಡ್ಡು ಕೊಟ್ಟೇ ನೋಡಿದರು. ಅದರ ಪಾತ್ರಗಳಾದ ಗಡ್ಡಪ್ಪ, ಸೆಂಚುರಿ ಗೌಡ ಮನೆಮಾತಾದರು.

ಹಾಗಾದರೆ ತೊಡಕು ಎಲ್ಲಿ? ಪರದೆಯಲ್ಲಿ. ಸಣ್ಣ ಚಿತ್ರಕ್ಕೆ ಮಲ್ಟಿಪ್ಲೆಕ್ಸ್‌ನಲ್ಲಿ ಸಿಗುವುದು, ಸಿಕ್ಕರೆ, ಜನ ಕೆಲಸದಲ್ಲಿರುವ ಹೊತ್ತಿನ ಒಂದು ಷೋ. ಸುದ್ದಿ ಬಾಯಿಂದ ಬಾಯಿಗೆ ಹಬ್ಬುವಷ್ಟರಲ್ಲಿ ಅದೂ ರದ್ದಾಗಿರುತ್ತದೆ. ಆಮೇಲೆ ಖಾಲಿ ಕುರ್ಚಿ ತೋರಿಸಿ ಪ್ರೇಕ್ಷಕರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಕರ್ನಾಟಕದ ಚಿತ್ರಮಂದಿರ ತಲುಪಿದ್ದು 2024ರ ಜೂನ್‌ನಲ್ಲಿ. ನಟೇಶ್ ಹೆಗಡೆಯವರ ‘ಪೆಡ್ರೊ’ವನ್ನು ಬೂಸಾನ್ ಸ್ವಾಗತಿಸಿತ್ತು, 2022ರ ಬೆಂಗಳೂರು ಚಿತ್ರೋತ್ಸವದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ತವರಿನಲ್ಲೇ ತೋರಿಸದ ಚಿತ್ರವನ್ನು ಜನ ತಿರಸ್ಕರಿಸಿದರು ಎನ್ನುವುದು ಹೇಗೆ?

ಸಬ್ಸಿಡಿಗಷ್ಟೇ ತಯಾರಾಗಿ ಡಬ್ಬದಲ್ಲೇ ಉಳಿಯುವ ಚಿತ್ರಗಳೂ ಇವೆ, ನಿಜ. ಅವುಗಳಿಂದ ಒಳ್ಳೆಯ ಚಿತ್ರಗಳಿಗೂ ಕೆಟ್ಟ ಹೆಸರು. ಆದರೆ ಸಬ್ಸಿಡಿ ಕೊಟ್ಟ ಸರ್ಕಾರ ಚಿತ್ರ ಜನರಿಗೆ ತಲುಪಿತೇ ಎಂದು ಕೇಳುವುದಿಲ್ಲ ಎಂಬುದೇ ದೊಡ್ಡ ಲೋಪ.

ತಲುಪಿಸುವ ದಾರಿಯೂ ಇದೆ: ಕೇರಳದಲ್ಲಿ ಸರ್ಕಾರಿ ನಿಗಮವೇ ಚಿತ್ರಮಂದಿರಗಳನ್ನು ನಡೆಸುತ್ತದೆ. 2024ರಲ್ಲಿ ಅದು ‘ಸಿ ಸ್ಪೇಸ್’ ಎಂಬ ಒಟಿಟಿಯನ್ನೂ ಆರಂಭಿಸಿತು. ಕರ್ನಾಟಕವೂ 2025ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗೆ ಒಟಿಟಿ ಘೋಷಿಸಿದೆ. ಅಷ್ಟಕ್ಕೇ ನಿಲ್ಲಬಾರದು. ಪ್ರತಿ ಜಿಲ್ಲಾ ಕೇಂದ್ರದ ರಂಗಮಂದಿರದಲ್ಲಿ ಒಂದು ಒಳ್ಳೆಯ ಪ್ರೊಜೆಕ್ಟರ್ ಇರಲಿ, ಇಂಥ ಚಿತ್ರಗಳಿಗೆ ವಾರದ ಕೊನೆಯ ಸಂಜೆಯ ಷೋ ಮೀಸಲಿರಲಿ, ಕನಿಷ್ಠ ಎರಡು ವಾರ ಅದನ್ನು ತೆಗೆಯದಿರಲಿ.