ರೇಷ್ಮೆಯ ಸುಂಕದ ಉಯ್ಯಾಲೆ

ಆಮದು ಸುಂಕವೆಂದರೆ ಮೂಗು ಮುರಿಯುವ ಪಂಡಿತರು ಒಮ್ಮೆ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿಬರಲಿ. 2011ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ಗೂಡಿನ ಬೆಲೆ ಕುಸಿಯಿತು. 2013ರಲ್ಲಿ 15ಕ್ಕೆ ಏರಿಸಿದರು. ನಡುವೆ 10ಕ್ಕೆ ಇಳಿಸಿ, 2021ರಲ್ಲಿ ಪುನಃ 15 ಮಾಡಿದರು. ಹಿಪ್ಪುನೇರಳೆ ನೆಡುವವನದು ಹತ್ತು ಹದಿನೈದು ವರ್ಷದ ಲೆಕ್ಕ. ದೆಹಲಿಯದು ಫೆಬ್ರವರಿಯಿಂದ ಫೆಬ್ರವರಿಗೆ!

ನೇಕಾರನ ದೂರೂ ಸುಳ್ಳಲ್ಲ. ವಿದ್ಯುತ್ ಮಗ್ಗದ ಹಾಸಿಗೆ ಕಡಿಯದ ನೂಲು ಬೇಕು. ಅದು ಬರುವುದು ದ್ವಿತಳಿ ಗೂಡಿನಿಂದ, ನಾವು ಹೆಚ್ಚಾಗಿ ಬೆಳೆಯುವುದೋ ಮಿಶ್ರತಳಿ. ಹಾಗಾದರೆ ಹತ್ತು ವರ್ಷಕ್ಕೆ ಒಂದೇ ದರವನ್ನು ಸಾರಲಿ. ವಸೂಲಾದ ಸುಂಕವನ್ನು ದ್ವಿತಳಿಯ ಮೊಟ್ಟೆಗೂ ನೂಲು ಬಿಚ್ಚುವ ಯಂತ್ರಕ್ಕೂ ಸುರಿಯಲಿ. ಆಮೇಲೂ ನಮ್ಮ ನೂಲು ಕಡಿದರೆ, ಸುಂಕ ತೆಗೆಯಿರೆಂದು ನಾನೇ ಬರೆಯುತ್ತೇನೆ.