ಹಣ ಕಟ್ ಆಗಿದೆ, ಆದರೆ ‘ಪೆಂಡಿಂಗ್’: ತೆರೆಯ ಹಿಂದೆ ನಡೆಯುವುದೇನು?

ಯುಪಿಐ ಮೂಲಕ ಅಂಗಡಿಗೆ ಹಣ ಕಳುಹಿಸುತ್ತೇವೆ. ನಮ್ಮ ಖಾತೆಯಿಂದ ಹಣ ಹೋಗಿರುತ್ತದೆ, ಅಂಗಡಿಯವರಿಗೆ ಬಂದಿರುವುದಿಲ್ಲ. ಮೊಬೈಲ್‌ನಲ್ಲಿ ‘ಪೆಂಡಿಂಗ್’ ಎಂದಷ್ಟೇ ಕಾಣುತ್ತದೆ. ಆಪ್ ಅಳಿಸಿ ಮತ್ತೆ ಹಾಕಿಕೊಳ್ಳಿ, ಇನ್ನೊಮ್ಮೆ ಕಳುಹಿಸಿ, ಈ ನಂಬರಿಗೆ ಕರೆ ಮಾಡಿ ಎಂಬ ಸಲಹೆಗಳು ವಾಟ್ಸಾಪ್‌ನಲ್ಲಿ ಬರುತ್ತಿರುತ್ತವೆ. ಇವು ಸರಿಯೇ?

ಹಿನ್ನೆಲೆ ಕೆಲಸ ಎಂದರೇನು?

ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಟ್ಟು ಮನೆಗೆ ಬರುತ್ತೇವೆ. ನಾವು ಅಲ್ಲೇ ನಿಂತಿದ್ದರೂ ಇಲ್ಲದಿದ್ದರೂ ಸರದಿ ಬಂದಾಗ ಗೋಧಿ ಹಿಟ್ಟಾಗುತ್ತದೆ. ದೊಡ್ಡ ಕಂಪ್ಯೂಟರ್ ವ್ಯವಸ್ಥೆಗಳೂ ಹೀಗೆಯೇ ಅನೇಕ ಕೆಲಸಗಳನ್ನು ಸರದಿಯಲ್ಲಿಟ್ಟು, ನಮ್ಮ ಕಣ್ಣಿಗೆ ಕಾಣದಂತೆ ಮುಗಿಸುತ್ತವೆ. ಪ್ರತಿ ಕೆಲಸಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸರದಿಯಲ್ಲಿದೆ, ನಡೆಯುತ್ತಿದೆ, ಮುಗಿದಿದೆ, ವಿಫಲವಾಗಿದೆ ಎಂದು ಅದರ ಸ್ಥಿತಿಯೂ ದಾಖಲಾಗುತ್ತದೆ.

ನೆಫ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಹಣವನ್ನು ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಕಂತುಗಳಲ್ಲಿ ವಿಲೇವಾರಿ ಮಾಡುತ್ತದೆ. 2019ರ ಡಿಸೆಂಬರ್‌ನಿಂದ ಇದು ದಿನದ 24 ಗಂಟೆಯೂ ನಡೆಯುತ್ತಿದೆ. ಹಣ ಜಮೆ ಮಾಡಲಾಗದಿದ್ದರೆ, ಆ ಕಂತು ಮುಗಿದ ಎರಡು ಗಂಟೆಯೊಳಗೆ ಅದನ್ನು ಹಿಂದಿರುಗಿಸಬೇಕೆಂಬ ನಿಯಮವಿದೆ.

ಹಾಗಾದರೆ ‘ಪೆಂಡಿಂಗ್’ ಏಕೆ?

ಯುಪಿಐನಲ್ಲಿ ನಮ್ಮ ಬ್ಯಾಂಕ್ ಹಣ ಕಳೆದ ಮೇಲೆ ಎದುರಿನ ಬ್ಯಾಂಕಿನಿಂದ ಉತ್ತರ ಬರಬೇಕು. ಉತ್ತರ ಸಮಯಕ್ಕೆ ಬರದಿದ್ದರೆ ಹಣ ಜಮೆಯಾಯಿತೋ ಇಲ್ಲವೋ ಎಂಬುದು ಆ ಕ್ಷಣಕ್ಕೆ ಖಚಿತವಿರುವುದಿಲ್ಲ. ಎರಡೂ ಕಡೆಯ ಲೆಕ್ಕ ತಾಳೆ ನೋಡಿದ ಮೇಲಷ್ಟೇ ಫಲಿತಾಂಶ ನಿರ್ಧಾರವಾಗುತ್ತದೆ. ಅಂದರೆ ‘ಪೆಂಡಿಂಗ್’ ಎಂದರೆ ಹಣ ಕಳೆದುಹೋಯಿತು ಎಂದಲ್ಲ, ಕೆಲಸ ಇನ್ನೂ ಮುಗಿದಿಲ್ಲ ಎಂದು.

ಇದಕ್ಕೂ ಗಡುವು ಇದೆ. 2019ರ ಸೆಪ್ಟೆಂಬರ್ 20ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ವ್ಯಕ್ತಿಗೆ ಕಳುಹಿಸಿದ ಯುಪಿಐ ಹಣ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಪಾವತಿಗೆ ದೃಢೀಕರಣ ಸಿಗದಿದ್ದರೆ 5 ದಿನಗಳೊಳಗೆ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು, ಗ್ರಾಹಕರು ಕೇಳದಿದ್ದರೂ ಕೊಡಬೇಕು.

ಸಲಹೆಗಳಲ್ಲಿ ಸತ್ಯವೆಷ್ಟು?

ಆಪ್ ಅಳಿಸುವುದು: ಪ್ರಯೋಜನವಿಲ್ಲ. ಬಾಕಿ ಇರುವ ಕೆಲಸ ನಮ್ಮ ಫೋನಿನಲ್ಲಿಲ್ಲ, ಬ್ಯಾಂಕುಗಳ ಕಂಪ್ಯೂಟರ್‌ಗಳಲ್ಲಿದೆ.

ಮತ್ತೆ ಕಳುಹಿಸುವುದು: ಎರಡನೇ ಸಲ ಕಳುಹಿಸಿದರೆ ಅದು ಹೊಸ ಸಂಖ್ಯೆಯ ಬೇರೆಯೇ ಪಾವತಿ. ಕೊನೆಗೆ ಎರಡೂ ಯಶಸ್ವಿಯಾಗಬಹುದು. ಅವಸರವಿದ್ದರೆ ಅಂಗಡಿಯವರಿಗೆ ಮೊದಲ ಪಾವತಿಯ ಸಂಖ್ಯೆ ತೋರಿಸಿ, ಎರಡೂ ಬಂದರೆ ಒಂದನ್ನು ಹಿಂದಿರುಗಿಸುವಂತೆ ಮೊದಲೇ ಮಾತಾಡಿಕೊಳ್ಳಿ.

ಫಾರ್ವರ್ಡ್‌ನಲ್ಲಿರುವ ನಂಬರಿಗೆ ಕರೆ ಮಾಡುವುದು: ಅಪಾಯ. ಹಣ ಪಡೆಯಲು ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ. ‘ರೀಫಂಡ್‌ಗೆ ಪಿನ್ ಹಾಕಿ’ ಎಂದರೆ ಅದು ವಂಚನೆ. ಮೋಸ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ಪತ್ತೆ ಹಚ್ಚುವುದು ಹೇಗೆ?

ಆಪ್‌ನ ವಹಿವಾಟು ವಿವರದಲ್ಲಿ 12 ಅಂಕಿಗಳ ಯುಪಿಐ ಸಂಖ್ಯೆ, ಅಂದರೆ ಯುಟಿಆರ್ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಗಡುವು ಮೀರಿದರೆ ಆಪ್‌ನಲ್ಲೇ ಆ ವಹಿವಾಟು ತೆರೆದು ದೂರು ಕೊಡಿ, ನಂತರ ಬ್ಯಾಂಕಿಗೆ ಬರೆಯಿರಿ. 30 ದಿನಗಳಲ್ಲಿ ಬ್ಯಾಂಕ್ ಉತ್ತರಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರಬಹುದು.

ಒಂದು ಎಚ್ಚರಿಕೆ: ‘ಸಕ್ಸಸ್’ ಎಂದರೆ ನೀವು ಹೇಳಿದ ಖಾತೆಗೆ ಹಣ ತಲುಪಿದೆ ಎಂದಷ್ಟೇ ಅರ್ಥ. ತಪ್ಪು ವ್ಯಕ್ತಿಗೆ ಕಳುಹಿಸಿದ ಹಣ ತಾನಾಗಿ ವಾಪಸ್ ಬರುವುದಿಲ್ಲ. ಪಿನ್ ಹಾಕುವ ಮುನ್ನ ತೆರೆಯ ಮೇಲಿನ ಹೆಸರು ಓದಿ.

ಕೊನೆಯದಾಗಿ: ಪೆಂಡಿಂಗ್ ಆದ ಹಣಕ್ಕೆ ಫಾರ್ವರ್ಡ್‌ನ ಉಪಾಯಗಳು ಬೇಕಿಲ್ಲ. ವಹಿವಾಟಿನ ಸಂಖ್ಯೆ ಮತ್ತು ಗಡುವಿನ ದಿನಾಂಕ, ಇವೆರಡು ನಿಮ್ಮ ಬಳಿ ಇದ್ದರೆ ಸಾಕು.