ಸೊಸೆಗೆ ದಾಟಲಾದ ಗಡಿ, ಪ್ರಮಾಣಪತ್ರಕ್ಕೆ ದಾಟಲಾಗದ್ದು

ಮದುವೆಯಾಗಿ ಹೊರನಾಡಿಗೆ ಹೋದವರ ಉದ್ಯೋಗದ ಮಾತು ಬಂದಾಗಲೆಲ್ಲ ಚರ್ಚೆ ಅಮೆರಿಕದ ಎಚ್-4 ವೀಸಾದ ಕಡೆಗೆ, ಅಂದರೆ ಉದ್ಯೋಗಿಯ ಬಾಳಸಂಗಾತಿಗೆ ಸಿಗುವ, 2015ರ ಮೇವರೆಗೆ ದುಡಿಮೆಗೆ ಅವಕಾಶವೇ ಇಲ್ಲದಿದ್ದ ಪರವಾನಗಿಯ ಕಡೆಗೆ ಹೊರಳುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇದೇ ಪ್ರಶ್ನೆ ಎದುರಾಗಲು ವಿಮಾನ ಹತ್ತಬೇಕಿಲ್ಲ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ, ಆದರೆ ಕನ್ನಡ ಮಾತಾಡುವ ತಾಳವಾಡಿಗೋ ಬರಗೂರು ಬೆಟ್ಟಕ್ಕೋ ಸೊಸೆಯಾಗಿ ಹೋದರೆ ಸಾಕು.

ಈ ಗಡಿ ಹಳೆಯದಲ್ಲ. 1956ರ ನವೆಂಬರ್ 1ರವರೆಗೆ ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ತಾಳವಾಡಿಯೂ ಅದೇ ಜಿಲ್ಲೆಯಲ್ಲಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರು ಮಾತ್ರ ಮೈಸೂರಿಗೆ ಸೇರಿತ್ತು. ಅಂದರೆ ಆಗ ಕೊಳ್ಳೇಗಾಲದ ಹೆಣ್ಣನ್ನು ನೆರೆಯ ಯಳಂದೂರಿಗೆ ಕೊಟ್ಟರೆ ಪರರಾಜ್ಯ, ಕಾಡು ದಾಟಿ ತಾಳವಾಡಿಗೆ ಕೊಟ್ಟರೆ ಸ್ವಂತ ಜಿಲ್ಲೆ. ಭಾಷಾವಾರು ವಿಂಗಡಣೆ ಈ ಲೆಕ್ಕವನ್ನು ತಿರುವುಮುರುವು ಮಾಡಿತಾದರೂ, ಹೆಣ್ಣು ಕೊಟ್ಟು ತರುವ ಬಳಕೆಯಾಗಲಿ ಮಾದಪ್ಪನ ಬೆಟ್ಟಕ್ಕೆ ಬರುವ ಒಕ್ಕಲಾಗಲಿ ಅದಕ್ಕೆ ಕಿವಿಗೊಡಲಿಲ್ಲ.

ಕಿವಿಗೊಟ್ಟದ್ದು ಕಚೇರಿಗಳು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ; ತಮಿಳುನಾಡಿನ ಪಟ್ಟಿಯಲ್ಲೂ ಶೋಲಗ ಎಂಬ ಹೆಸರಿನಲ್ಲಿ ಅದೇ ಸಮುದಾಯವಿದೆ. ಹಾಗಿದ್ದರೂ ಜಾತಿ ಹುಟ್ಟಿನಿಂದ, ತಂದೆಯ ಮೂಲ ರಾಜ್ಯದ ಆಧಾರದಲ್ಲಿ ನಿರ್ಧಾರವಾಗುವುದರಿಂದ, ವಲಸೆ ಹೋದವರಿಗೆ ಹೊಸ ರಾಜ್ಯದಲ್ಲಿ ಮೀಸಲಾತಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿ, 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿದಿದೆ. ದೂರದ ನಗರಕ್ಕೆ ಹೋದವರ ವಿಷಯದಲ್ಲಿ ಈ ತರ್ಕಕ್ಕೆ ಅರ್ಥವಿದೆ. ಒಂದೇ ಕಾಡಿನ ಎರಡು ಮಗ್ಗುಲಲ್ಲಿ ಬದುಕುವ ಒಂದೇ ಬುಡಕಟ್ಟಿನ ಸೊಸೆಗೂ ಅದನ್ನೇ ಅನ್ವಯಿಸುವುದು ನ್ಯಾಯಕ್ಕಿಂತ ಕಾಗದಕ್ಕೆ ಹೆಚ್ಚು ನಿಷ್ಠವಾದದ್ದು.

ಎರಡನೆಯ ತಡೆ ಭಾಷೆಯದು. 2021ರ ಡಿಸೆಂಬರ್‌ನ ಆದೇಶದ ಪ್ರಕಾರ ತಮಿಳುನಾಡಿನ ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ಕನಿಷ್ಠ ಶೇ 40 ಅಂಕ ಪಡೆಯಲೇಬೇಕು. ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಶೇ 20 ಆದ್ಯತೆ ಬೇರೆ. ಶಾಖಾ ಅಂಚೆ ಕಚೇರಿಯ ಗ್ರಾಮೀಣ ಡಾಕ್ ಸೇವಕರ ಹುದ್ದೆ ಕೇಂದ್ರದ್ದೇ ಆದರೂ, ಸ್ಥಳೀಯ ಭಾಷೆಯನ್ನು ಹತ್ತನೆಯ ತರಗತಿವರೆಗೆ ಓದಿರಬೇಕೆಂಬ ನಿಯಮದಲ್ಲಿ ಸ್ಥಳೀಯ ಭಾಷೆ ಎಂದರೆ ತಮಿಳು, ಪತ್ರ ಪಡೆಯುವ ಊರೆಲ್ಲ ಕನ್ನಡ ಮಾತಾಡಿದರೂ. ಇದರ ಮೇಲೆ ಹೆಸರಿನ ಗೊಂದಲ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಮದುವೆಯ ನಂತರ ತಿದ್ದಿಸಿದ ಆಧಾರ್‌ನಲ್ಲಿ ಗಂಡನದು, ತವರಿನ ಪಡಿತರ ಚೀಟಿಯಿಂದ ಹೆಸರು ತೆಗೆಸದೆ ಅತ್ತೆಮನೆಯ ಚೀಟಿಗೆ ಸೇರಿಸುವಂತಿಲ್ಲ.

ವಿಚಿತ್ರವೆಂದರೆ ಸೊಸೆಯನ್ನೇ ಬಯಸುವ ಕೆಲಸವೂ ಒಂದಿದೆ. ಆಶಾ ಕಾರ್ಯಕರ್ತೆ ಅದೇ ಊರಿನಲ್ಲಿ ನೆಲೆಸಿದ, ಮದುವೆಯಾದ ಅಥವಾ ವಿಧವೆ, ವಿಚ್ಛೇದಿತೆಯಾದ ಹೆಣ್ಣಾಗಿರಬೇಕೆಂದು ಮಾರ್ಗಸೂಚಿಯೇ ಹೇಳುತ್ತದೆ, ಏಕೆಂದರೆ ಮಗಳು ಊರು ಬಿಡುತ್ತಾಳೆ, ಸೊಸೆ ನಿಲ್ಲುತ್ತಾಳೆ. ಸಂಬಳವಲ್ಲದ ಗೌರವಧನದ ಕೆಲಸಕ್ಕೆ ಮಾತ್ರ ಈ ವಿವೇಕ ಹೊಳೆದಿರುವುದು ಆಕಸ್ಮಿಕವಿರಲಾರದು.

ತಾಳವಾಡಿಯಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಕೊಳ್ಳೇಗಾಲದಲ್ಲಿ ಡಿ.ಇಡಿ. ಮುಗಿಸಿ ಅಲ್ಲಿಗೆ ಸೊಸೆಯಾಗಿ ಹೋದವಳಿಗಿಂತ ಅವಕ್ಕೆ ಒಪ್ಪುವವರು ವಿರಳ. ತಮಿಳುನಾಡಿನ 2016ರ ಕಾಯ್ದೆಯಲ್ಲಿ ತಮಿಳು ಅರಿಯದವರೂ ನೇಮಕಗೊಂಡು ಎರಡು ವರ್ಷದೊಳಗೆ ಭಾಷಾ ಪರೀಕ್ಷೆ ಪಾಸಾಗಲು ಅವಕಾಶವಿತ್ತು. ಕನಿಷ್ಠ ಈ ಶಾಲೆಗಳ ಮಟ್ಟಿಗೆ ಅದನ್ನು ಮರಳಿ ತರುವಂತೆ ಕೇಳುವುದು ಕರ್ನಾಟಕ ಸರ್ಕಾರದ ಹೊಣೆ. ಕೇಳುವ ಮೊದಲು ಅದು ತನ್ನ ಕಡತವನ್ನೂ ತೆರೆಯಬೇಕಾದೀತು: ತಾಳವಾಡಿಯ ಹಳ್ಳಿಯಲ್ಲಿ ಓದಿ ಯಳಂದೂರಿಗೆ ಬಂದ ಸೊಸೆಗೆ, ಆಕೆ ಓದಿದ ಹಳ್ಳಿ ಕರ್ನಾಟಕದ್ದಲ್ಲವೆಂಬ ಕಾರಣಕ್ಕೆ, ಇಲ್ಲಿನ ಶೇ 25ರ ಗ್ರಾಮೀಣ ಮೀಸಲಾತಿಯೂ ಸಿಗುವುದಿಲ್ಲ.